ತಜ್ಞರ ಉತ್ತರ: ಕಿರಾಣಿ ಅಂಗಡಿಯ ವ್ಯಾಪಾರ ಇಳಿದಾಗ ಮೊದಲು ಏನು ನೋಡಬೇಕು?

ಓದುಗರ ಪ್ರಶ್ನೆ: "ಕಲಬುರಗಿಯ ಆಳಂದ ರಸ್ತೆ ಕಡೆ ನಮ್ಮದೊಂದು ಕಿರಾಣಿ ಅಂಗಡಿ ಅದ. ಎರಡು ವರ್ಷದ ಹಿಂದ ತಿಂಗಳಿಗೆ 4.2 ಲಕ್ಷ ವ್ಯಾಪಾರ ಆಗ್ತಿತ್ತು, ಈಗ 3.3 ಲಕ್ಷಕ್ಕ ಬಂದು ನಿಂತದ. ಕಿಲೋಮೀಟರ್ ದೂರದಾಗ ದೊಡ್ಡ ಸೂಪರ್‌ಮಾರ್ಕೆಟ್ ಆಗ್ಯಾದ. ನೂರಕ್ಕ ಸರಾಸರಿ ಹನ್ನೆರಡು ರೂಪಾಯಿ ಉಳೀತದ. ಉದ್ರಿ 2.6 ಲಕ್ಷ ನಿಂತದ. ಎಲ್ಲಾ ಸಾಮಾನಿನ ಮ್ಯಾಲೂ 5 ಪರ್ಸೆಂಟ್ ಕಡಿಮಿ ಅಂತ ಬೋರ್ಡ್ ಹಾಕೂಣು ಅಂತಾನ ತಮ್ಮ. ಉದ್ರಿ ಪೂರಾ ಬಂದ್ ಮಾಡು ಅಂತಾರ ಅಪ್ಪ. 2025ರ ಜುಲೈನಾಗ ಯುಪಿಐ ಲೆಕ್ಕ ನೋಡಿ ಅಂಗಡಿಗಳಿಗೆ ಟ್ಯಾಕ್ಸ್ ನೋಟಿಸು ಬಂದ ಸುದ್ದಿ ಕೇಳಿ, ಫೋನಿನಿಂದ ರೊಕ್ಕ ತಗೊಳ್ಳೋ ಸ್ಕ್ಯಾನರ್ ತೆಗೆದಿಟ್ಟೀನಿ. ಫೋನಿನ ಮ್ಯಾಲೆ ಆರ್ಡರ್ ತಗೊಂಡು ಮನಿಗೆ ಮುಟ್ಟಿಸೂದು ಶುರು ಮಾಡ್ಲೇನು? ಗಿರಾಕಿನೇ ದೇವರು ಅಂತಾರ. ಹಂಗಂತ ಕೇಳಿದ್ದೆಲ್ಲ ಕೊಟ್ಟು ಕೂತ್ರ ಅಂಗಡಿ ಉಳೀತದೇನು? ಎಳ್ಳಮಾವಾಸ್ಯೆಗೆ ಏನು ಮಾಲು ತುಂಬಿಸ್ಬೇಕು ಅಂತನೂ ಹೇಳ್ರಿ."

ಉತ್ತರ: ನಿಮಗಿರುವ ಚಿಂತೆ ಎರಡು. ವ್ಯಾಪಾರ ಇಳಿದಿದೆ ಎಂಬುದು ಒಂದು. ಗಿರಾಕಿಯ ಮನಸ್ಸು ಹಿಡಿಯಲು ಹೋಗಿ ಕೈಲಿದ್ದ ಲಾಭವನ್ನೂ ಕಳೆದುಕೊಂಡರೆ ಹೇಗೆ ಎಂಬುದು ಇನ್ನೊಂದು. ಎರಡನೆಯ ಚಿಂತೆ ನ್ಯಾಯವಾದದ್ದೇ. ಆದರೆ ಗಿರಾಕಿಗೆ ಮೊದಲ ಸ್ಥಾನ ಕೊಡುವುದೆಂದರೆ ಎಲ್ಲವನ್ನೂ ಅಗ್ಗ ಮಾಡುವುದೂ ಅಲ್ಲ, ಕೇಳಿದಷ್ಟು ಉದ್ರಿ ಕೊಡುವುದೂ ಅಲ್ಲ. ಯಾವ ಮನೆ ನಿಮ್ಮ ಕಡೆ ಬರುವುದನ್ನು ಬಿಟ್ಟಿತು, ಯಾಕೆ ಬಿಟ್ಟಿತು ಎಂದು ತಿಳಿದು, ಆ ಕಾರಣವನ್ನು ಸರಿಮಾಡುವ ಕೆಲಸ ಅದು. ನೀವು ಬರೆದ ಅಂಕಿಗಳಿಂದಲೇ ಶುರು ಮಾಡೋಣ.

ತಮ್ಮನ ಸಲಹೆಯ ಲೆಕ್ಕ ಮೊದಲು. 100 ರೂಪಾಯಿಗೆ ಮಾರುವ ಸಾಮಾನಿನಲ್ಲಿ 12 ಉಳಿಯುತ್ತದೆ ಎಂದರೆ ನಿಮ್ಮ ಖರೀದಿ 88. ಬೆಲೆ 95ಕ್ಕೆ ಇಳಿಸಿದರೆ ಉಳಿಯುವುದು 7 ಮಾತ್ರ. ಮೊದಲಿನಷ್ಟೇ ಲಾಭ ಕಾಣಬೇಕಾದರೆ 100 ನಗ ಹೋಗುತ್ತಿದ್ದ ಕಡೆ 171 ನಗ ಹೋಗಬೇಕು. ಒಂದು ಬೋರ್ಡ್ ನೋಡಿ ಓಣಿಯ ಜನ ಮುಕ್ಕಾಲು ಪಾಲು ಹೆಚ್ಚಿಗೆ ಸಾಮಾನು ಒಯ್ಯುತ್ತಾರೆಯೇ? ಇಲ್ಲ. ಒಂದು ಮನೆಗೆ ತಿಂಗಳಿಗೆ ಬೇಕಾಗುವ ಉಪ್ಪು, ಅರಿಶಿನ ಬೆಲೆ ಇಳಿದರೂ ಅಷ್ಟೇ ಇರುತ್ತದೆ. ಜೊತೆಗೆ, ಎರಡು ತಿಂಗಳ ಮೇಲೆ ಬೋರ್ಡ್ ತೆಗೆದರೆ "ರೇಟು ಏರಿಸಿದ್ರು" ಎಂಬ ಮಾತೇ ಉಳಿಯುತ್ತದೆ.

ಹಾಗಂತ ಬೆಲೆಗೆ ಬೆಲೆಯೇ ಇಲ್ಲ ಎಂದಲ್ಲ. ಪ್ರತಿ ಮನೆಗೂ ಎಂಟು ಹತ್ತು ಸಾಮಾನಿನ ದರ ಬಾಯಲ್ಲೇ ಇರುತ್ತದೆ: ಸಕ್ಕರೆ, ಒಂದು ಲೀಟರ್ ಎಣ್ಣೆಯ ಪಾಕೀಟು, ತೊಗರಿ ಬೇಳೆ, ಚಹಾಪುಡಿ, ಶೇಂಗಾ, ದಿನಬಳಕೆಯ ಒಂದೆರಡು ಸೋಪು. ಒಂದು ಅಂಗಡಿ ಸೋವಿಯೋ ತುಟ್ಟಿಯೋ ಎಂದು ಜನ ತೀರ್ಮಾನ ಮಾಡುವುದು ಇವನ್ನು ನೋಡಿಯೇ. ಸೂಪರ್‌ಮಾರ್ಕೆಟ್ ಕೂಡ ಇಷ್ಟರಲ್ಲೇ ದರ ಇಳಿಸಿ, ಉಳಿದದ್ದರಲ್ಲಿ ಲಾಭ ತೆಗೆಯುತ್ತದೆ. ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಈ ಹತ್ತು ದರ ಬರೆದುಕೊಂಡು ಬನ್ನಿ. ನಿಮ್ಮ ದರ ಅದಕ್ಕಿಂತ ಒಂದೆರಡು ರೂಪಾಯಿಗಿಂತ ಹೆಚ್ಚು ಮೇಲಿರಬಾರದು. ದಿನಕ್ಕೆ 12 ಕಿಲೋ ಸಕ್ಕರೆ ಹೋಗುತ್ತದೆ, ಕಿಲೋಗೆ 2 ರೂಪಾಯಿ ಬಿಟ್ಟಿರಿ ಅಂದುಕೊಳ್ಳಿ, ತಿಂಗಳಿಗೆ 720 ರೂಪಾಯಿ ಹೋಯಿತು. ಈ ಖರ್ಚು ಅಂಗಡಿ ತಡೆದುಕೊಳ್ಳುತ್ತದೆ. ಉಳಿದ ಸಾಮಾನಿನ ದರಕ್ಕೆ ಕೈ ಹಚ್ಚಬೇಡಿ.

ಕುಸಿದದ್ದು ಎಲ್ಲಿ?

3.3 ಲಕ್ಷವೆಂದರೆ ದಿನಕ್ಕೆ 11,000. ಮೊದಲಿನ 4.2 ಲಕ್ಷವೆಂದರೆ 14,000. ಈ 3,000 ಎರಡು ದಾರಿಯಿಂದ ಹೋಗಿರಬಹುದು. ದಿನಕ್ಕೆ 127 ಜನ ಬರುತ್ತಿದ್ದವರು ಈಗ 100 ಬರುತ್ತಿರಬಹುದು, ತಲಾ 110 ರೂಪಾಯಿಯ ಖರೀದಿ ಹಾಗೇ ಇರಬಹುದು. ಅಥವಾ ಅದೇ 100 ಜನ ಬರುತ್ತಿದ್ದಾರೆ, ಆದರೆ ತಲಾ 140 ರೂಪಾಯಿ ಇದ್ದದ್ದು 110ಕ್ಕೆ ಇಳಿದಿರಬಹುದು. ಇವು ಬೇರೆ ಬೇರೆ ರೋಗಗಳು, ಔಷಧವೂ ಬೇರೆ. ತಲೆ ಕಡಿಮೆಯಾಗಿದ್ದರೆ ಯಾರೋ ಬೇಸರಗೊಂಡು ಬಿಟ್ಟಿದ್ದಾರೆ. ತಲಾ ಖರೀದಿ ಇಳಿದಿದ್ದರೆ ತಿಂಗಳ ಸಂತೆ, ಅಂದರೆ ಒಂದನೇ ತಾರೀಖಿನ ದೊಡ್ಡ ಚೀಟಿ, ಸೂಪರ್‌ಮಾರ್ಕೆಟ್‌ಗೆ ಹೋಗಿದೆ. ನಿಮ್ಮಲ್ಲಿ ಉಳಿದದ್ದು ನಡುವೆ ಖಾಲಿಯಾದ ಪಾವ್ ಕಿಲೋ ರವೆ, ಹಾಲಿನ ಪಾಕೀಟು, ಶಾಂಪೂ ಸ್ಯಾಶೆ.

ಇದನ್ನು ತಿಳಿಯಲು ಕಂಪ್ಯೂಟರ್ ಬೇಕಿಲ್ಲ. ಗಲ್ಲಾ ಪಕ್ಕ ಒಂದು ಹಾಳೆ ಇಟ್ಟು ಪ್ರತಿ ಗಿರಾಕಿಗೆ ಒಂದು ಗೀಟು ಎಳೆಯಿರಿ, ರಾತ್ರಿ ಆ ದಿನದ ಒಟ್ಟು ಹಣವನ್ನು ಗೀಟಿನ ಲೆಕ್ಕದಿಂದ ಭಾಗಿಸಿ. ನಾಲ್ಕು ವಾರ ಬಿಡದೆ ಮಾಡಿ. ಎರಡು ವರ್ಷದ ಹಿಂದಿನ ಲೆಕ್ಕ ಇಲ್ಲದಿದ್ದರೂ ಉದ್ರಿ ಖಾತೆಯ ಹಳೆಯ ಪುಟಗಳಲ್ಲಿ ಒಂದೊಂದು ಮನೆ ಎಷ್ಟೆಷ್ಟರ ಮಾಲು ಒಯ್ಯುತ್ತಿತ್ತು ಎಂದು ಸಿಗುತ್ತದೆ.

ಅದೇ ಹಾಳೆಯ ಪಕ್ಕ ಇನ್ನೊಂದು ಸಣ್ಣ ನೋಟ್‌ಬುಕ್ ಇರಲಿ. ಅದರ ಮೇಲೆ "ಇಲ್ಲ" ಎಂದು ಬರೆಯಿರಿ. ಯಾರಾದರೂ ಕೇಳಿ, ನೀವು "ಇಲ್ಲ" ಅಂದ ಪ್ರತಿ ಸಾಮಾನೂ ಅದರಲ್ಲಿ ಏರಬೇಕು, ಎಷ್ಟೇ ಚಿಕ್ಕದಿರಲಿ. ಕೆಲಸದ ಹುಡುಗ "ಇಲ್ಲ" ಅಂದರೂ ಬರೆಯಬೇಕು. ಚೀಟಿ ಹಿಡಿದು ಬಂದ ಹೆಣ್ಣುಮಗಳಿಗೆ ಹತ್ತರಲ್ಲಿ ಎರಡು ಸಿಗದಿದ್ದರೆ ಆ ಎರಡಕ್ಕಾಗಿ ಬೇರೆ ಅಂಗಡಿ ಮೆಟ್ಟಿಲು ಹತ್ತುತ್ತಾಳೆ, ಮುಂದಿನ ತಿಂಗಳು ಹತ್ತನ್ನೂ ಅಲ್ಲೇ ಕೊಳ್ಳುತ್ತಾಳೆ. ನಿಮಗೆ ಕಂಡದ್ದು 40 ರೂಪಾಯಿಯ ನಷ್ಟ, ಹೋದದ್ದು ಇಡೀ ಮನೆ.

ಮಾಲು ಖಾಲಿಯಾಗದಂತೆ ನೋಡಲು ಒಂದು ಸುಲಭ ಲೆಕ್ಕವಿದೆ. ದಿನದ ಮಾರಾಟವನ್ನು ಮಾಲು ಬರಲು ಹಿಡಿಯುವ ದಿನಗಳಿಂದ ಗುಣಿಸಿ, ಎರಡು ದಿನದ ಮಾರಾಟ ಹೆಚ್ಚಿಗೆ ಕೂಡಿಸಿ. ಸಕ್ಕರೆ ದಿನಕ್ಕೆ 12 ಕಿಲೋ, ಹೇಳಿದ ಮೇಲೆ ಬರಲು ನಾಲ್ಕು ದಿನ ಎಂದರೆ 48, ಮೇಲೆ 24, ಒಟ್ಟು 72 ಕಿಲೋ. ಅಂದರೆ 50 ಕಿಲೋದ ಚೀಲ ಒಂದೂವರೆಗೆ ಇಳಿದ ದಿನವೇ ಫೋನ್ ಮಾಡಬೇಕು. ಹೆಚ್ಚು ಹೋಗುವ ಮೂವತ್ತು ಸಾಮಾನಿಗೆ ಈ ಅಂಕಿಯನ್ನು ಕಪಾಟಿನ ಅಂಚಿಗೆ ಚೀಟಿ ಅಂಟಿಸಿ ಬರೆದಿಡಿ. ಇದಕ್ಕೆ ಬೇಕಾದ ಹಣ ನಿಮ್ಮ ಅಂಗಡಿಯೊಳಗೇ ಇದೆ: 90 ದಿನದಿಂದ ಅಲುಗದ ಮಾಲನ್ನೆಲ್ಲ ಒಂದು ಕಡೆ ತೆಗೆದಿಟ್ಟು ನೋಡಿ. ವಾಪಸು ಹೋಗುವುದನ್ನು ಡಿಸ್ಟ್ರಿಬ್ಯೂಟರ್‌ಗೆ ಕಳಿಸಿ, ಹೋಗದ್ದನ್ನು ಅವಧಿ ಮುಗಿಯುವ ಮೊದಲೇ ಖರೀದಿ ದರಕ್ಕೆ ಬಿಡಿ.

ಜೋಳ, ಬೇಳೆ: ಇಲ್ಲಿ ಸೋತರೆ ಎಲ್ಲ ಸೋತಂತೆ

ನಮ್ಮ ಕಡೆಯ ಮನೆಗಳಲ್ಲಿ ಅಂಗಡಿಯ ಪರೀಕ್ಷೆ ಆಗುವುದು ಹಂಚಿನ ಮೇಲೆ. ರೊಟ್ಟಿಗೆ ಹೆಸರಾದ ಮಾಲದಂಡಿ ಜೋಳ ಎಂದು ಒಯ್ದದ್ದರ ಹಿಟ್ಟಿಗೆ ಜಿಗಿ ಇಲ್ಲದಿದ್ದರೆ ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ, ಎತ್ತುವಾಗ ಹರಿಯುತ್ತದೆ. ಆ ಹೆಣ್ಣುಮಗಳು ಅಂಗಡಿಗೆ ಬಂದು ಜಗಳ ಮಾಡುವುದಿಲ್ಲ. ಮುಂದಿನ ಸಲ ಬೇರೆ ಕಡೆ ಜೋಳ ಒಯ್ಯುತ್ತಾಳೆ, ಅದರ ಜೊತೆ ಬೇಳೆ, ಎಣ್ಣೆಯೂ ಹೋಗುತ್ತವೆ. ಇಂಥ ನಷ್ಟ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ.

ತಪ್ಪು ಆಗುವುದು ಸಾಮಾನ್ಯವಾಗಿ ಹೀಗೆ. ಡಬ್ಬಿಯಲ್ಲಿ ಹಳೆಯ ಜೋಳ ನಾಲ್ಕು ಕಿಲೋ ಉಳಿದಿರುತ್ತದೆ, ಅದರ ಮೇಲೆ ಹೊಸ ಚೀಲ ಸುರಿಯುತ್ತಾರೆ. ಹಳೆಯದು ತಳದಲ್ಲೇ ಉಳಿದು, ತಿಂಗಳಾನುಗಟ್ಟಲೆ ಎಲ್ಲ ಚೀಲಗಳಿಗೂ ಸೇರುತ್ತಾ ಹೋಗುತ್ತದೆ, ಹುಳುವಿನ ಮೊಟ್ಟೆಯೂ ಅದರ ಜೊತೆಗೇ. ಡಬ್ಬಿ ಪೂರ್ತಿ ಖಾಲಿ ಮಾಡಿ, ಒರೆಸಿ, ಒಂದು ದಿನ ಬಿಸಿಲಿಗೆ ಇಟ್ಟು ಆಮೇಲೆ ಹೊಸದು ಸುರಿಯಿರಿ. ಹೊಸ ಚೀಲ ಬಂದ ದಿನ ಒಂದು ಕಿಲೋ ಬೀಸಿಸಿ ಮನೆಯಲ್ಲಿ ನಾಲ್ಕು ರೊಟ್ಟಿ ಮಾಡಿಸಿ ನೋಡಿ. ಜಿಗಿ ಕಡಿಮೆ ಎನಿಸಿದರೆ ಆ ಚೀಲವನ್ನು ನುಚ್ಚಿಗೆ, ಅಂಬಲಿಗೆ ಎಂದು ಹೇಳಿ ಕಡಿಮೆ ದರಕ್ಕೆ ಮಾರಿ. ಮಾಲದಂಡಿ ಎಂದು ಹೇಳಿ ಮಾರಬೇಡಿ.

ತೊಗರಿ ಬೇಳೆಯದೂ ಇದೇ ಮಾತು. ಪ್ರತಿ ಹೊಸ ಚೀಲದಿಂದ 100 ಗ್ರಾಂ ತೆಗೆದು, ಅಳತೆಯ ನೀರು ಹಾಕಿ ಕುಕ್ಕರ್‌ನಲ್ಲಿ ಬೇಯಿಸಿ, ಎಷ್ಟು ಸೀಟಿಗೆ ಮೆತ್ತಗಾಯಿತು ಎಂದು ಚೀಲದ ಮೇಲೆಯೇ ಬರೆಯಿರಿ. ಫಿಲ್ಟರ್ ನೀರಿನಲ್ಲಿ ಬೇಡ, ಗಿರಾಕಿಗಳ ಮನೆಗೆ ಬರುವ ನೀರಿನಲ್ಲೇ ಬೇಯಿಸಿ. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಬೇಳೆ ಬೇಯುವುದನ್ನು ತಡ ಮಾಡುತ್ತದೆ. ಬೋರ್‌ವೆಲ್ ಮನೆಯವರು "ಬೇಳೆ ಬೇಯಲಿಲ್ಲ" ಅಂದಾಗ ಅರ್ಧ ಗಂಟೆ ನೆನೆಸಲು ಹೇಳುವಷ್ಟು ನಿಮಗೆ ಗೊತ್ತಿದ್ದರೆ ಗಿರಾಕಿ ಉಳಿಯುತ್ತಾರೆ. ಇನ್ನೊಂದು: ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಅಧಿಕೃತ ಗುರುತು ಸಿಕ್ಕಿದೆ, ಹೊರಗಿನವರೂ ಹುಡುಕಿಕೊಂಡು ಬರುತ್ತಾರೆ. ಚೀಲ ನಿಜಕ್ಕೂ ಇಲ್ಲಿನ ಮಿಲ್ಲಿನದಾಗಿದ್ದರೆ ಮಾತ್ರ ಹಾಗೆ ಹೇಳಿ. ಹೊರಗಿನಿಂದ ಬಂದ ಬೇಳೆಗೆ ಊರಿನ ಹೆಸರು ಹಚ್ಚಿದರೆ ಒಂದೇ ಸಾರಿನಲ್ಲಿ ಗುಟ್ಟು ಹೊರಬೀಳುತ್ತದೆ.

ಹುಳುವಿನ ಭಯಕ್ಕೆ ಕೆಲವರು ಚೀಲಗಳ ನಡುವೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ. ಗಾಳಿಯ ತೇವ ತಾಗಿದರೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಮುಚ್ಚಿದ ಅಂಗಡಿಯಲ್ಲಿ, ಅದರ ಹಿಂದಿನ ಅಥವಾ ಮೇಲಿನ ಕೋಣೆಯಲ್ಲಿ ಮಲಗಿದವರ ಜೀವ ತೆಗೆಯಬಲ್ಲದು, ಅದಕ್ಕೆ ಮದ್ದಿಲ್ಲ. ತರಬೇತಿ ಪಡೆದವರು ಗೋದಾಮಿನಲ್ಲಿ ಬಳಸುವ ವಸ್ತು ಅದು. ನಿಮ್ಮಂಥ ಅಂಗಡಿಗೆ ಹದಿನೈದು ದಿನಕ್ಕಾಗುವಷ್ಟು ಮಾತ್ರ ತರಿಸುವುದು, ಚೀಲಗಳನ್ನು ನೆಲದಿಂದ ಗೇಣು ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಡುವುದು, ಬಿಗಿ ಮುಚ್ಚಳದ ಡ್ರಮ್ ಬಳಸುವುದು, ಇಷ್ಟೇ ಸಾಕು.

ಆದರೂ ಯಾರಾದರೂ ಹುಳು ಬಿದ್ದ ಬೇಳೆ ವಾಪಸು ತಂದರೆ ವಾದ ಬೇಡ. ಬದಲಿ ಕೊಡಿ, ಆ ಚೀಲವನ್ನು ಪಕ್ಕಕ್ಕಿಡಿ, ಅದೇ ಚೀಲದಿಂದ ಒಯ್ದವರು ನೆನಪಿದ್ದರೆ ನೀವೇ ಫೋನ್ ಮಾಡಿ ತಿಳಿಸಿ. ಕೆಟ್ಟ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ ವಾಪಸು ತಂದಾಗ ತೆಗೆದುಕೊಳ್ಳದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. "ಮಾರಿದ ಮಾಲು ವಾಪಸು ಇಲ್ಲ" ಎಂಬ ಬೋರ್ಡ್ ಇದ್ದರೆ ಇಂದೇ ತೆಗೆಯಿರಿ. ತಕ್ಕಡಿಯ ಮುಖ ಗಿರಾಕಿಯ ಕಡೆಗಿರಲಿ. ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿ ವರ್ಷ ಕಾನೂನು ಮಾಪನ ಇಲಾಖೆಯ ಮುದ್ರೆ ಆಗಬೇಕು, ಆ ಪ್ರಮಾಣಪತ್ರ ಕಣ್ಣಿಗೆ ಬೀಳುವ ಕಡೆ ತೂಗಲಿ.

ಬಿಟ್ಟುಹೋದ ಮನೆಗಳು

ಮೊದಲು ವಾಡಿಕೆಯಾಗಿ ಬರುತ್ತಿದ್ದು, ಕಳೆದ 30 ದಿನದಲ್ಲಿ ಒಮ್ಮೆಯೂ ಬರದ ಮನೆಗಳ ಪಟ್ಟಿ ಮಾಡಿ. ದಿನಕ್ಕೆ ಮೂರು ಮನೆಯಂತೆ ಮಾತಾಡಿಸಿ. "ಯಾಕ್ ಬರ್ತಿಲ್ಲ?" ಎಂದು ಕೇಳಿದರೆ ಅವರು ಸಂಕೋಚಪಟ್ಟು "ಹಂಗೇನಿಲ್ರಿ" ಅನ್ನುತ್ತಾರೆ, ಮಾತು ಮುಗಿಯುತ್ತದೆ. "ನಮ್ಮ ಅಂಗಡಿ ಮಾಲಿನಾಗ, ಮಾತಿನಾಗ ಏನು ಕೊರತಿ ಕಂಡ್ತು ಹೇಳ್ರಿ, ಸರಿ ಮಾಡ್ಕೋತೀವಿ" ಎಂದು ಕೇಳಿ, ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ. ಆ ಮಾತಿನ ನಡುವೆ ಉದ್ರಿಯ ಸುದ್ದಿ ತೆಗೆಯಬೇಡಿ. ಇಪ್ಪತ್ತು ಮನೆ ಮುಗಿಯುವಷ್ಟರಲ್ಲಿ ಒಂದೆರಡು ಕಾರಣ ಮತ್ತೆ ಮತ್ತೆ ಕೇಳಿಬರುತ್ತವೆ. ಸಂಜೆ ಗದ್ದಲದಲ್ಲಿ ಪರಿಚಯದವರಿಗೆ ಮೊದಲು ಕೊಟ್ಟು, ಮೊದಲೇ ಬಂದು ನಿಂತವರನ್ನು ಕಾಯಿಸುವುದು. ಚಿಲ್ಲರೆ ಬದಲು ಚಾಕೊಲೇಟ್ ಕೊಡುವುದು. ಮಕ್ಕಳು ಬಂದರೆ ಬೇಕಾಬಿಟ್ಟಿ ತೂಗುವುದು. ಇವನ್ನು ತಿದ್ದಲು ಒಂದು ರೂಪಾಯಿಯೂ ಬೇಡ.

ಉದ್ರಿ

3.3 ಲಕ್ಷಕ್ಕೆ 12 ಪರ್ಸೆಂಟ್ ಎಂದರೆ ತಿಂಗಳಿಗೆ 39,600. ಬಾಡಿಗೆ, ಕರೆಂಟು, ಸಂಬಳ ಎಲ್ಲ ಇದರಲ್ಲೇ. ನಿಂತ ಉದ್ರಿ 2.6 ಲಕ್ಷ, ಅಂದರೆ ಆರೂವರೆ ತಿಂಗಳ ಲಾಭ ಊರಲ್ಲಿದೆ. ಅಪ್ಪನ ಸಿಟ್ಟಿಗೆ ಕಾರಣವಿದೆ. ಆದರೆ ಪೂರ್ತಿ ಬಂದ್ ಮಾಡಿದರೆ ಹಣ ಬರುವುದಿಲ್ಲ, ಗಿರಾಕಿಯೂ ಉಳಿಯುವುದಿಲ್ಲ. 4,000 ಬಾಕಿ ಇರುವವರು ಮುಖ ತೋರಿಸಲು ನಾಚಿ ನಿಮ್ಮ ಅಂಗಡಿ ತಪ್ಪಿಸಿ ಆಚೆ ರಸ್ತೆಯಿಂದ ಹೋಗುತ್ತಾರೆ, ರೊಕ್ಕ ಕೊಟ್ಟು ಬೇರೆ ಕಡೆ ಕೊಳ್ಳುತ್ತಾರೆ. ಉದ್ರಿ ನಿಮ್ಮಲ್ಲಿ, ನಗದು ಇನ್ನೊಬ್ಬರಲ್ಲಿ. ಎಷ್ಟೋ ಅಂಗಡಿಗಳ ವ್ಯಾಪಾರ ಇಳಿಯುವುದು ಹೀಗೆಯೇ.

ಖಾತೆಯನ್ನು ಮೂರು ಪಾಲು ಮಾಡಿ: 30 ದಿನದೊಳಗಿನದು, 31ರಿಂದ 90 ದಿನದ್ದು, ಅದಕ್ಕಿಂತ ಹಳೆಯದು. ಮೊದಲನೆಯದನ್ನು ಮುಟ್ಟಬೇಡಿ. ನಡುವಿನದಕ್ಕೆ ಹಳೆಯ ಬಾಕಿ ಹಾಗೇ ನಿಲ್ಲಿಸಿ, ತಿಂಗಳಿಗೆ ಇಷ್ಟು ಎಂದು ಕಂತು ಮಾಡಿ. ಹೊಸ ಮಾಲು ಮಾತ್ರ ನಗದಿಗೆ. "ಬಾಕಿ ಆಮೇಲೆ ನೋಡೋಣ, ನೀವು ಬರೋದು ಬಿಡಬ್ಯಾಡ್ರಿ" ಎಂಬ ಒಂದು ಮಾತಿಗೆ ಮರಳಿ ಬರುವ ಮನೆಗಳಿವೆ. 90 ದಿನ ದಾಟಿದ್ದಕ್ಕೆ ಒಬ್ಬರೇ ಇದ್ದಾಗ ಮಾತಾಡಿಸಿ, ನಾಲ್ಕು ಜನರ ಮುಂದೆ ಬೇಡವೇ ಬೇಡ. ಬಾಕಿ ಮೊತ್ತ ಬರೆದು, ತಾರೀಖು ಹಾಕಿ, ಅವರ ಸಹಿ ಪಡೆಯಿರಿ. ಮಾರಿದ ಮಾಲಿನ ಹಣಕ್ಕೆ ದಾವೆ ಹೂಡಲು ಕಾನೂನು ಕೊಡುವ ಅವಧಿ ಮೂರು ವರ್ಷ. ಆ ಅವಧಿಯೊಳಗೆ ಲಿಖಿತ ಒಪ್ಪಿಗೆ ಸಿಕ್ಕರೆ ಎಣಿಕೆ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ.

ಮುಂದಿನ ಉದ್ರಿಗೆ ಮಿತಿ ಇಡಿ, ಆದರೆ ಎಲ್ಲರಿಗೂ ಒಂದೇ ಮಿತಿ ಬೇಡ. ಸಂಬಳದವರಿಗೆ ಒಂದು ತಿಂಗಳ ಚೀಟಿಯಷ್ಟು, ವಾಯಿದೆ ಐದನೇ ತಾರೀಖು. ವಾರದ ಬಟವಾಡೆಯವರಿಗೆ ಒಂದು ವಾರದಷ್ಟು. ಹೊಲದವರಿಗೆ ತೊಗರಿ ಮಾರಿದ ಮೇಲೆ, ಅಂದರೆ ಜನವರಿ ಫೆಬ್ರವರಿಯಲ್ಲಿ ರೊಕ್ಕ ಬರುತ್ತದೆ. ಅಂಥವರು ಮೂರ್ನಾಲ್ಕು ಮನೆಗಿಂತ ಹೆಚ್ಚಿದ್ದರೆ ನಿಮ್ಮ ಬಂಡವಾಳ ತಡೆಯುವುದಿಲ್ಲ, ಇದನ್ನು ಅವರಿಗೇ ಬಿಡಿಸಿ ಹೇಳಿ. ಒಂದೇ ಬರಹದ ಎರಡು ಖಾತೆ ಪುಸ್ತಕ ಇರಲಿ, ಒಂದು ಅವರ ಮನೆಯಲ್ಲಿ. ಮಾಲು ಕೊಟ್ಟ ಗಳಿಗೆಯಲ್ಲೇ ಎರಡರಲ್ಲೂ ಬರೆಯಿರಿ. ತಿಂಗಳ ಕೊನೆಗೆ "ನಾವು ಇದು ಒಯ್ದೇ ಇಲ್ಲ" ಎಂಬ ಜಗಳಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ.

ಸ್ಕ್ಯಾನರ್ ಮತ್ತು ಮನೆಗೆ ಮುಟ್ಟಿಸುವುದು

ಸ್ಕ್ಯಾನರ್ ಇಂದೇ ವಾಪಸು ಇಡಿ. ಜಿಎಸ್‌ಟಿ ನೋಂದಣಿ ನಿಂತಿರುವುದು ಒಟ್ಟು ವ್ಯಾಪಾರದ ಮೇಲೆ, ಹಣ ಯಾವ ದಾರಿಯಿಂದ ಬಂತು ಎಂಬುದರ ಮೇಲಲ್ಲ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ಮಿತಿ ವರ್ಷಕ್ಕೆ 40 ಲಕ್ಷ. ತೆರಿಗೆ ಇರುವ ಸಾಮಾನೂ ಮಾರುತ್ತಿದ್ದರೆ ತೆರಿಗೆ ಇಲ್ಲದ ಬಿಡಿ ಬೇಳೆ, ಜೋಳದ ವ್ಯಾಪಾರವೂ ಈ ಎಣಿಕೆಗೆ ಸೇರುತ್ತದೆ. ನಿಮ್ಮ 3.3 ಲಕ್ಷವೇ ವರ್ಷಕ್ಕೆ 39.6 ಲಕ್ಷ, ಹಿಂದಿನ 4.2 ಲಕ್ಷವಾದರೆ 50.4 ಲಕ್ಷ. ವ್ಯಾಪಾರ ಬೆಳೆಸಬೇಕೆಂದಿದ್ದರೆ ನೋಂದಣಿ ತಪ್ಪಿದ್ದಲ್ಲ. 1.5 ಕೋಟಿಯವರೆಗಿನ ವ್ಯಾಪಾರಿಗಳಿಗೆ ಕಾಂಪೊಸಿಷನ್ ಎಂಬ ಸರಳ ತೆರಿಗೆ ಪದ್ಧತಿ ಇದೆ, ತೆರಿಗೆ 1 ಪರ್ಸೆಂಟ್, ಅದನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ. ಹಿಂದಿನ ವರ್ಷಗಳ ಲೆಕ್ಕ ಹಿಡಿದು ಈ ವಾರವೇ ತೆರಿಗೆ ಸಲಹೆಗಾರರ ಬಳಿ ಹೋಗಿ. ಬರೀ ಫೋನ್ ಹಿಡಿದು ಬರುವ ಹುಡುಗರು "ನಗದು ಮಾತ್ರ" ಎಂಬ ಚೀಟಿ ನೋಡಿದ ಕೂಡಲೇ ಮುಂದಿನ ಅಂಗಡಿಗೆ ನಡೆಯುತ್ತಾರೆ.

ಮನೆಗೆ ಮುಟ್ಟಿಸುವುದನ್ನು ಮಾಡಿ, ಆದರೆ ಲೆಕ್ಕದಲ್ಲಿ. ಒಂದು ಸಲ ಹೋಗಿಬರಲು ಪೆಟ್ರೋಲು, ಹುಡುಗನ ಸಮಯ ಸೇರಿ 30 ರೂಪಾಯಿ ಹಿಡಿಯಿರಿ. 600 ರೂಪಾಯಿಯ ಆರ್ಡರಿನಲ್ಲಿ ಲಾಭ 72, ಕಳೆದು ಉಳಿಯುವುದು 42. 150ರ ಆರ್ಡರಿನಲ್ಲಿ ಲಾಭವೇ 18, ಕೈಯಿಂದ 12 ಹೋಯಿತು. ಹಾಗಾಗಿ ಕನಿಷ್ಠ 400, ಒಂದು ಕಿಲೋಮೀಟರ್ ಒಳಗೆ, ದಿನಕ್ಕೆ ಎರಡೇ ಸಲ: ಬೆಳಿಗ್ಗೆ 10, ಸಂಜೆ 6. ಒಂದು ಸುತ್ತಿನಲ್ಲಿ ನಾಲ್ಕು ಮನೆ ಮುಗಿದರೆ ತಲಾ ಖರ್ಚು ಇನ್ನೂ ಇಳಿಯುತ್ತದೆ. ಹತ್ತು ನಿಮಿಷದಲ್ಲಿ ತಂದುಕೊಡುವವರ ಜೊತೆ ಪೈಪೋಟಿಗೆ ಇಳಿಯಬೇಡಿ, ಹೇಳಿದ ಹೊತ್ತು ತಪ್ಪದಿದ್ದರೆ ಸಾಕು. ಏಪ್ರಿಲ್ ಮೇ ಬಿಸಿಲಲ್ಲಿ, ವಯಸ್ಸಾದವರಿರುವ ಮನೆಗೆ 10 ಕಿಲೋ ಜೋಳ ಬಾಗಿಲಿಗೆ ಬಂದರೆ ತಿಂಗಳ ಚೀಟಿಯೂ ಅದರ ಹಿಂದೆಯೇ ಬರುತ್ತದೆ.

ಆ್ಯಪ್ ಮಾಡಿಸಲು ಹಣ ಹಾಕಬೇಡಿ. ವಾಟ್ಸ್‌ಆ್ಯಪ್ ಬಿಸಿನೆಸ್ ಪುಕ್ಕಟೆ. ಕನ್ನಡವೋ ದಖನಿಯೋ ಮರಾಠಿಯೋ ತೆಲುಗೋ, ಅವರವರ ಮಾತಿನಲ್ಲೇ ಧ್ವನಿ ಸಂದೇಶ ಕಳಿಸಲಿ. ನೀವು ಚೀಟಿ ಬರೆದು, ಫೋಟೋ ತೆಗೆದು ವಾಪಸು ಕಳಿಸಿ, "ಸರಿ" ಬಂದ ಮೇಲೆ ತೂಗಿ. ಕೇಳಿದ ಸಾಮಾನು ಇಲ್ಲದಿದ್ದರೆ ಕೇಳದೆ ಬದಲಿ ಹಾಕಬೇಡಿ. ಇಡೀ ವ್ಯವಸ್ಥೆ ಕೆಡುವುದು ಇದರಿಂದಲೇ. ಬ್ರಾಡ್‌ಕಾಸ್ಟ್ ಸಂದೇಶ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ, ಹಾಗಾಗಿ ಚೀಟಿ ಕೊಡುವಾಗಲೇ ಸೇವ್ ಮಾಡಿಸಿ. ವಾರಕ್ಕೆ ಒಂದಕ್ಕಿಂತ ಹೆಚ್ಚು ಕಳಿಸಬೇಡಿ.

ಎಳ್ಳಮಾವಾಸ್ಯೆಗೆ

ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಈ ಹಬ್ಬಕ್ಕೆ ಸಜ್ಜೆ, ಎಳ್ಳು, ಶೇಂಗಾ, ಬೆಲ್ಲ, ಹುಣಸೆ, ಕಡಲೆ ಹಿಟ್ಟು ಹದಿನೈದು ದಿನ ಮೊದಲೇ ಬರಲಿ. ಹಬ್ಬದ ಭಜ್ಜಿ ಪಲ್ಯಕ್ಕೆ ಬೇಕಾದ ಹಸಿಕಾಳನ್ನು ಕಾಯಿಪಲ್ಯೆಯವರಿಗೆ ಬಿಡಿ, ಮಿಕ್ಕರೆ ನಿಮ್ಮಲ್ಲಿ ಕೊಳೆಯುತ್ತದೆ. ಎಷ್ಟು ತರಿಸಬೇಕು ಎಂಬುದನ್ನು ಅಂದಾಜಿಗೆ ಬಿಡದೆ, ಮೂರು ವಾರ ಮೊದಲಿನಿಂದ ಬಂದವರಿಗೆಲ್ಲ "ಹೊಲಕ್ಕ ಎಷ್ಟು ಮಂದಿ ಹೋಗ್ತೀರಿ, ಸಜ್ಜಿ ಎಷ್ಟು ತೆಗೆದಿಡ್ಲಿ?" ಎಂದು ಕೇಳಿ, ಹೆಸರಿನ ಮುಂದೆ ಕಿಲೋ ಬರೆಯಿರಿ. ಬರೆದದ್ದರ ಮೇಲೆ ಕಾಲು ಪಾಲು ಹೆಚ್ಚಿಗೆ ತರಿಸಿದರೆ ಸಾಕು. ಸಜ್ಜೆಯನ್ನು ಕಾಳಾಗಿಯೇ ಮಾರಿ, ಹಿಟ್ಟು ಕೇಳಿದವರಿಗೆ ಹೇಳಿದ ದಿನವೇ ಬೀಸಿಸಿ ಕೊಡಿ. ಸಜ್ಜೆಯಲ್ಲಿ ಎಣ್ಣೆಯ ಅಂಶ ಹೆಚ್ಚು, ಬೀಸಿಟ್ಟ ಹಿಟ್ಟು ಬೇಗ ಕಹಿಯಾಗುತ್ತದೆ. ಕಳೆದ ವಾರದ ಹಿಟ್ಟು ಉಳಿದಿದ್ದರೆ ಅದನ್ನು ದನದ ಬಾನಿಗೆ ಹಾಕಿಬಿಡಿ, ಹಬ್ಬದ ಬುತ್ತಿಗೆ ಹೋಗುವುದು ಬೇಡ.